ದಿನಕ್ಕೆ ಎಷ್ಟು ಕ್ಯಾಲೊರಿ ಖರ್ಚಾಗುತ್ತದೆ? ಲೆಕ್ಕ ಹೀಗೆ ಹಾಕಿ

ತೂಕ ಇಳಿಸಲು ಹೊರಟವರು ಸ್ಮಾರ್ಟ್ ವಾಚ್ ತೋರಿಸುವ ಕ್ಯಾಲೊರಿ ಖರ್ಚನ್ನು ನಂಬಿ ಊಟ ಜಾಸ್ತಿ ಮಾಡಬೇಡಿ. ಅದು ಎಷ್ಟೋ ಸಲ ತಪ್ಪಿರುತ್ತದೆ. ವಿಶ್ರಾಂತಿಯಲ್ಲಿ ದೇಹಕ್ಕೆ ದಿನಕ್ಕೆ ಬೇಕಾಗುವ ಕ್ಯಾಲೊರಿ ಅಂದಾಜು ಮಾಡುವ ಮಿಫ್ಲಿನ್ ಸೂತ್ರದಿಂದ ಶುರು ಮಾಡಿ. ಕೆಜಿ ತೂಕವನ್ನು 10ರಿಂದ, ಸೆಂಟಿಮೀಟರ್ ಎತ್ತರವನ್ನು 6.25ರಿಂದ ಗುಣಿಸಿ, ಎರಡನ್ನೂ ಕೂಡಿಸಿ. ವಯಸ್ಸನ್ನು 5ರಿಂದ ಗುಣಿಸಿ ಕಳೆಯಿರಿ. ಹೆಂಗಸರು ಇನ್ನೂ 161 ಕಳೆಯಬೇಕು, ಗಂಡಸರು 5 ಕೂಡಿಸಬೇಕು.

35 ವರ್ಷ, 68 ಕೆಜಿ, 158 ಸೆಂ.ಮೀ. ಇರುವ ಮಹಿಳೆಗೆ ಸುಮಾರು 1330 ಬರುತ್ತದೆ. ಇದು ಸುಮ್ನೆ ಮಲಗಿದ್ದರೂ ಆಗುವ ಖರ್ಚು. ದಿನವಿಡೀ ಕೂತು ಕೆಲಸ ಮಾಡುವವರು ಅದನ್ನು 1.2ರಿಂದ ಗುಣಿಸಬೇಕು, ಸುಮಾರು 1600 ಆಗುತ್ತದೆ. ವಾರದಲ್ಲಿ ಕೆಲವು ದಿನ ಹಗುರ ವ್ಯಾಯಾಮ ಇದ್ದರೆ 1.375. ಅನುಮಾನ ಬಂದರೆ ಕಡಿಮೆಯದ್ದನ್ನೇ ಹಿಡಿಯಿರಿ. ನಮ್ಮ ಓಡಾಟ ನಮಗೆ ಯಾವಾಗಲೂ ಜಾಸ್ತಿಯೇ ಅನಿಸುತ್ತದೆ, ಅಲ್ವಾ?

ಇಷ್ಟಾದರೂ ಇದು ಅಂದಾಜು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೂಕ ನೋಡಿ, ವಾರದ ಸರಾಸರಿ ಬರೆದಿಡಿ. ತಿಂದದ್ದನ್ನೂ ಬರೆಯಿರಿ. ಒಗ್ಗರಣೆ ಎಣ್ಣೆ ಬಿಡಬೇಡಿ, ಒಂದು ದೊಡ್ಡ ಚಮಚಕ್ಕೇ ಸುಮಾರು 120 ಕ್ಯಾಲೊರಿ. ಮೂರು ನಾಲ್ಕು ವಾರ ಸರಾಸರಿ ಅಲ್ಲಾಡದಿದ್ದರೆ ನೀವು ತಿನ್ನುತ್ತಿರುವಷ್ಟೇ ನಿಮ್ಮ ನಿಜವಾದ ಖರ್ಚು. ಅದರಿಂದ 300–400 ಇಳಿಸಿ ನೋಡಿ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು, ಬಸುರಿ-ಬಾಣಂತಿಯರು ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬೇಡಿ.