ಫೈರ್‌ವಾಲ್ ಮೇಲೆ ಎಂಜಿನ್ ಸೆನ್ಸರ್ ಕೂಡಿಸಿದ ಬಗೆ

ನಾನು ಕಟ್ಟುತ್ತಿರುವ ವಿಮಾನದ್ದು ಲೈಕಮಿಂಗ್ ಒ-320 ಎಂಜಿನ್, ಕಾರ್ಬ್ಯುರೇಟರ್ ಇರುವಂಥದ್ದು. ಆಯಿಲ್, ಇಂಧನ, ಮ್ಯಾನಿಫೋಲ್ಡ್ (ಸಿಲಿಂಡರಿಗೆ ಗಾಳಿ-ಇಂಧನ ಒಯ್ಯುವ ಕೊಳವೆ) ಈ ಮೂರರ ಒತ್ತಡದ ಸೆನ್ಸರ್‌ಗಳನ್ನು ಫೈರ್‌ವಾಲ್ (ಎಂಜಿನ್ ಮತ್ತು ಕ್ಯಾಬಿನ್ ನಡುವೆ ಬೆಂಕಿ ತಡೆಯುವ ಗೋಡೆ) ಮೇಲೆ ಕೂಡಿಸಿದೆ. ಎಂಜಿನ್ನಿಗೇ ನೇರವಾಗಿ ತಿರುಗಿಸಿ ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಭಾರದ ಸೆನ್ಸರ್ ಸಣ್ಣ ಫಿಟಿಂಗ್ ತುದಿಯಲ್ಲಿ ಗಂಟೆಗಟ್ಟಲೆ ಅದುರಿದರೆ ಥ್ರೆಡ್‌ನ ಬುಡದಲ್ಲಿ ಬಿರುಕು ಬಿಡುತ್ತದೆ, ಬಿಸಿ ಆಯಿಲ್ ಹೊರಗೆ ಚಿಮ್ಮುತ್ತದೆ. ತಾಪಮಾನದ ಪ್ರೋಬ್‌ಗಳು ಮಾತ್ರ ಎಂಜಿನ್ ಮೇಲೇ ಇರಬೇಕು.

ಮೂರಕ್ಕೂ ಸೇರಿ ಒಂದೇ ಬ್ಲಾಕ್: 25 ಮಿ.ಮೀ. ಚೌಕದ 6061-ಟಿ6 ಅಲ್ಯೂಮಿನಿಯಂ ಬಾರ್, ರಂಧ್ರಗಳ ನಡುವೆ 40 ಮಿ.ಮೀ. ಅಂತರ. ಮೂರೂ ದಾರಿ ಪೂರ್ತಿ ಬೇರೆ ಬೇರೆ, ಆಯಿಲ್ ಮತ್ತು ಪೆಟ್ರೋಲ್ ಎಲ್ಲೂ ಸೇರಕೂಡದು. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಇಂಥ ಕೆಲಸಕ್ಕೆ ಕೈ ಪಳಗಿದವರಿಗೆ ಕೊರತೆಯಿಲ್ಲ, ಆದರೆ ಡ್ರಾಯಿಂಗ್ ಮೇಲೆ '1/8-27 ಎನ್‌ಪಿಟಿ' (ಅಮೆರಿಕನ್ ಪೈಪ್ ಥ್ರೆಡ್) ಎಂದು ದೊಡ್ಡದಾಗಿ ಬರೆದೇ ಕೊಡಬೇಕು. 1/8 ಬಿಎಸ್‌ಪಿ (ಬ್ರಿಟಿಷ್ ಪೈಪ್ ಥ್ರೆಡ್) ಟ್ಯಾಪ್‌ನಲ್ಲಿ ಇಂಚಿಗೆ 28 ಥ್ರೆಡ್, ಕೋನ 55 ಡಿಗ್ರಿ. ಎನ್‌ಪಿಟಿಗೆ 27, ಕೋನ 60 ಡಿಗ್ರಿ. ಒಂದರೊಳಗೆ ಇನ್ನೊಂದು ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಕೂತಿತು ಅನ್ನಿಸುತ್ತದೆ, ಆದರೆ ಸೋರುತ್ತದೆ.

ಫೈರ್‌ವಾಲ್ ಅರ್ಧ ಮಿ.ಮೀ. ದಪ್ಪದ ಸ್ಟೇನ್‌ಲೆಸ್ ತಗಡು, ಬ್ಲಾಕಿನ ಭಾರಕ್ಕೆ ಬಡಿದುಕೊಳ್ಳುತ್ತದೆ. ಅದಕ್ಕೆ ಕ್ಯಾಬಿನ್ ಕಡೆಯಿಂದ 1.6 ಮಿ.ಮೀ. ಅಲ್ಯೂಮಿನಿಯಂ ಪಟ್ಟಿ ಇಟ್ಟು, ಅಕ್ಕಪಕ್ಕದ ಆ್ಯಂಗಲ್‌ಗಳಿಗೆ ರಿವೆಟ್ ಹೊಡೆದೆ. ವಿಮಾನಕ್ಕೆಂದೇ ಇರುವ ಎರಡು ಎಎನ್3 ಬೋಲ್ಟ್, ಲಾಕ್ ನಟ್ಟು, 20ರಿಂದ 25 ಇಂಚ್-ಪೌಂಡ್ ಬಿಗಿ. ಸೈಲೆನ್ಸರ್ ಪೈಪಿನಿಂದ ಆದಷ್ಟು ದೂರದ ಜಾಗ ಆರಿಸಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು ರಿಸ್ಟ್ರಿಕ್ಟರ್, ಅಂದರೆ ಹರಿವು ತಗ್ಗಿಸುವ ಸಣ್ಣ ತೂತಿನ ಫಿಟಿಂಗ್. ಆಯಿಲ್ ಮತ್ತು ಇಂಧನದ ಎಂಜಿನ್ ತುದಿಯ ಫಿಟಿಂಗ್ ಸ್ಟೀಲಿನದೇ ಆಗಿರಬೇಕು, ಒಳಗೆ ಸುಮಾರು 1 ಮಿ.ಮೀ. ತೂತು ಸಾಕು. ಸೆನ್ಸರ್‌ಗೆ ಬೇಕಾದದ್ದು ಒತ್ತಡ, ಹರಿವಲ್ಲ. ಎಂಜಿನ್ನಿನಿಂದ ಬ್ಲಾಕಿಗೆ ಬರುವ ಹೋಸ್ ಹರಿದರೂ ಸಣ್ಣ ಧಾರೆಯಷ್ಟೇ ಹೊರಬರುತ್ತದೆ, ಇಳಿಯಲು ಸಮಯ ಸಿಗುತ್ತದೆ. ಇದನ್ನೇ ಬ್ಲಾಕ್ ತುದಿಗೆ ಹಾಕಿದರೆ ಹೋಸ್ ಹರಿದಾಗ ಏನೂ ಪ್ರಯೋಜನವಿಲ್ಲ. ಎರಡೂ ಹೋಸ್‌ಗಳಿಗೆ ಫೈರ್ ಸ್ಲೀವ್ (ಬೆಂಕಿ ತಡೆಯುವ ಹೊದಿಕೆ) ಕಡ್ಡಾಯ.

ಟೆಫ್ಲಾನ್ ಟೇಪ್ ಬೇಡವೇ ಬೇಡ. ಅದರ ಎಳೆ ಕಿತ್ತು ಒಳಗೆ ಹೋದರೆ ಆ 1 ಮಿ.ಮೀ. ತೂತೇ ಮುಚ್ಚುತ್ತದೆ. ಪೇಸ್ಟ್ ಸೀಲಂಟ್ ಹಚ್ಚಿ, ಮೊದಲ ಎರಡು ಥ್ರೆಡ್ ಖಾಲಿ ಬಿಡಿ. ಒಂದೇ ತಂತಿಯ ಸೆನ್ಸರ್ ಆದರೆ ಅದರ ಮೈಯೇ ಅರ್ಥಿಂಗ್. ಸೀಲಂಟ್ ನಡುವೆ ಬಂದು ಮೀಟರಿನ ಮುಳ್ಳು ಕುಣಿದರೆ ಸೆನ್ಸರಿನ ಮೈಯಿಂದಲೇ ಎಂಜಿನ್ ಗ್ರೌಂಡಿಗೆ ಬೇರೆ ತಂತಿ ಎಳೆಯಬೇಕು. ನಾನು ಮೂರು ತಂತಿಯವನ್ನೇ ಹಾಕಿದೆ. 5 ವೋಲ್ಟ್ ಕೊಟ್ಟರೆ 0.5ರಿಂದ 4.5 ವೋಲ್ಟ್ ಸಿಗ್ನಲ್ ಬರುತ್ತದೆ, ಅರ್ಥಿಂಗಿನ ತಂಟೆಯಿಲ್ಲ. ತಂತಿಗಳು ಫೈರ್‌ವಾಲ್ ದಾಟುವಲ್ಲಿ ಸ್ಟೇನ್‌ಲೆಸ್ ಕೊಳವೆ, ಸುತ್ತ ಬೆಂಕಿ ತಡೆಯುವ ಸೀಲಂಟ್. ಸಾಮಾನ್ಯ ಸಿಲಿಕೋನ್ ಅಲ್ಲಿ ನಿಲ್ಲುವುದಿಲ್ಲ.

ಮ್ಯಾನಿಫೋಲ್ಡ್ ಸೆನ್ಸರ್ ಸಿಲಿಂಡರಿನ ಪೋರ್ಟ್‌ಗಿಂತ ಎತ್ತರದಲ್ಲಿರಲಿ, ಹೋಸ್ ಒಂದೇ ಸಮನೆ ಇಳಿಜಾರಾಗಿರಲಿ. ನಡುವೆ ಜೋತುಬಿದ್ದರೆ ಪೆಟ್ರೋಲ್ ಹನಿ ನಿಂತು ರೀಡಿಂಗ್ ಮಂದವಾಗುತ್ತದೆ.

ಸೋರಿಕೆ ನೋಡುವಾಗ ಸೆನ್ಸರ್‌ಗಳನ್ನು ಬಿಚ್ಚಿ ಪ್ಲಗ್ ಹಾಕಿ. 15 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ವರೆಗಿನ ಇಂಧನ ಸೆನ್ಸರ್‌ಗೆ 100 ಪಿಎಸ್‌ಐ ಗಾಳಿ ಬಿಟ್ಟರೆ ಅದರ ಕಥೆ ಮುಗಿಯಿತು. ಎಂಜಿನ್ ನಿಂತಿದ್ದಾಗ ಮ್ಯಾನಿಫೋಲ್ಡ್ ರೀಡಿಂಗ್ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಬೆಳಗಾವಿ ವಿಮಾನ ನಿಲ್ದಾಣವಿರುವ ಸಾಂಬ್ರಾದ ಎತ್ತರ ಸುಮಾರು 758 ಮೀಟರ್, ಹಾಗಾಗಿ ಇಲ್ಲಿ ಪಾದರಸದ 27.3 ಇಂಚಿನ ಆಸುಪಾಸು ಬರುತ್ತದೆ. ಹವಾಮಾನ ವರದಿಯ 29.9 ಸಮುದ್ರಮಟ್ಟಕ್ಕೆ ತಿದ್ದಿದ ಅಂಕಿ, ಅದನ್ನು ನೋಡಿ ಸೆನ್ಸರ್ ಕೆಟ್ಟಿದೆ ಎಂದು ಬದಲಿಸಬೇಡಿ.

ಎಂಜಿನ್ ಅತಿ ಹೆಚ್ಚು ಕುಲುಕುವುದು ನಿಲ್ಲಿಸುವ ಗಳಿಗೆಯಲ್ಲಿ. ಮೊದಲ ಓಟ ಮುಗಿದ ಮೇಲೆ ಪ್ರತಿ ಹೋಸನ್ನೂ ಬೆರಳಿನಿಂದ ಸವರಿ ನೋಡಿದೆ. ಎಂಜಿನ್ ಹೊತ್ತ ಮೌಂಟಿನ ಕೊಳವೆಗೆ ಒಂದು ಕಡೆ ಉಜ್ಜಿದ ಗುರುತಿತ್ತು. ಆ ಹೋಸ್ ಸ್ವಲ್ಪ ಉದ್ದ ಮಾಡಿ, ಕ್ಲ್ಯಾಂಪ್ ಸರಿಸಿ, 25 ಮಿ.ಮೀ. ಅಂತರ ಬಿಟ್ಟೆ.