ಬಜೆಟ್ ಕೊರತೆಯನ್ನು ನಾನು ಓದುವ ರೀತಿ

ಕೇಂದ್ರ ಬಜೆಟ್ ಮಂಡನೆಯಾದ ದಿನ ನಾನು ಭಾಷಣಕ್ಕೆ ಅಷ್ಟಾಗಿ ಕಿವಿ ಕೊಡುವುದಿಲ್ಲ. 'ಬಜೆಟ್ ಅಟ್ ಎ ಗ್ಲಾನ್ಸ್' ಅಂತ ಒಂದು ಪುಸ್ತಿಕೆ ಸರ್ಕಾರದ ಬಜೆಟ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನು ಇಳಿಸಿಕೊಂಡು, ಪೆನ್ಸಿಲ್ ಹಿಡಿದು ಕೂರುತ್ತೇನೆ. ಕೂಡಿ ಕಳೆಯಲು ಬಂದರೆ ಸಾಕು.

2025-26ರ ಬಜೆಟ್ ಅಂದಾಜನ್ನೇ ನೋಡಿ. ಒಟ್ಟು ಖರ್ಚು 50.65 ಲಕ್ಷ ಕೋಟಿ ರೂಪಾಯಿ. ಸಾಲ ಬಿಟ್ಟು ಕೈಗೆ ಬರುವ ಹಣ 34.96 ಲಕ್ಷ ಕೋಟಿ. ಒಂದರಲ್ಲಿ ಒಂದನ್ನು ಕಳೆದರೆ 15.69 ಲಕ್ಷ ಕೋಟಿ. ಇದೇ ವಿತ್ತೀಯ ಕೊರತೆ. ಟಿವಿ ಚರ್ಚೆಗಳು ಸಾಮಾನ್ಯವಾಗಿ ಇಷ್ಟಕ್ಕೇ ಕಿತ್ತಾಡಿ ಮುಗಿಸುತ್ತವೆ.

ನಾನು ಇಲ್ಲಿಂದ ನೇರ ಬಡ್ಡಿಯ ಸಾಲಿಗೆ ಹೋಗುತ್ತೇನೆ. ಹಳೇ ಸಾಲದ ಬಡ್ಡಿಗೇ 12.76 ಲಕ್ಷ ಕೋಟಿ! ಕೊರತೆಯಲ್ಲಿ ಇದನ್ನು ಕಳೆದರೆ ಉಳಿಯುವುದು ಬರೀ 2.93 ಲಕ್ಷ ಕೋಟಿ. ಇದಕ್ಕೆ ಪ್ರಾಥಮಿಕ ಕೊರತೆ ಎನ್ನುತ್ತಾರೆ. ಬಡ್ಡಿಯ ಹೊರೆ ಇಲ್ಲದಿದ್ದರೆ ಆ ವರ್ಷ ಇಷ್ಟೇ ಸಾಲ ಸಾಕಾಗುತ್ತಿತ್ತು. ಹೊಸ ಸಾಲದ ಬಹುಪಾಲು ಹಳೇ ಸಾಲದ ಬಡ್ಡಿಗೇ ಸರಿಹೋಗುತ್ತದೆ ಅಂತಲೂ ಇದನ್ನು ಓದಬಹುದು. ನನ್ನ ಮಟ್ಟಿಗೆ ಇಡೀ ಪುಸ್ತಿಕೆಯಲ್ಲಿ ಇದಕ್ಕಿಂತ ಮುಖ್ಯವಾದ ಲೆಕ್ಕ ಇಲ್ಲ.

ಆಮೇಲೆ ಆದಾಯ ಕೊರತೆ. ಸಂಬಳ, ಪಿಂಚಣಿ, ಸಬ್ಸಿಡಿ, ಬಡ್ಡಿಯಂಥ ದಿನನಿತ್ಯದ ಖರ್ಚಿಗೆ ತೆರಿಗೆ ಮತ್ತಿತರ ಆದಾಯ ಸಾಲದೇ ಬೀಳುವ ಅಂತರ ಇದು. 2025-26ರ ಅಂದಾಜಿನಲ್ಲಿ ಇದು 5.24 ಲಕ್ಷ ಕೋಟಿ, ಅಂದರೆ ಒಟ್ಟು ಕೊರತೆಯ ಮೂರನೇ ಒಂದು ಪಾಲು. ರಸ್ತೆ, ರೈಲಿಗೆ ಸಾಲ ಮಾಡಿದರೆ ಮುಂದೆ ಏನಾದರೂ ಹುಟ್ಟೀತು. ಸಂಬಳಕ್ಕೆ ಸಾಲ ಮಾಡಿದರೆ? ಆದರೆ ಇಲ್ಲೊಂದು ಸೂಕ್ಷ್ಮ ಇದೆ. ರಾಜ್ಯಗಳಿಗೆ, ಇತರ ಸಂಸ್ಥೆಗಳಿಗೆ ಶಾಶ್ವತ ಆಸ್ತಿ ಕಟ್ಟಲು ಕೊಡುವ ಅನುದಾನವೂ ದಿನನಿತ್ಯದ ಖರ್ಚಿನ ಲೆಕ್ಕಕ್ಕೇ ಸೇರಿರುತ್ತದೆ. ಅದನ್ನು ತೆಗೆದರೆ ಸಿಗುವ 'ಪರಿಣಾಮಕಾರಿ ಆದಾಯ ಕೊರತೆ' ಜಿಡಿಪಿಯ, ಅಂದರೆ ದೇಶದ ಒಂದು ವರ್ಷದ ಒಟ್ಟು ಉತ್ಪಾದನೆಯ ಮೌಲ್ಯದ, ಶೇ 0.3 ಮಾತ್ರ. ಸುಮ್ನೆ ಗಾಬರಿಯಾಗುವ ಮೊದಲು ಆ ಸಾಲನ್ನೂ ನೋಡಿ.

ರೂಪಾಯಿ ಲೆಕ್ಕವೊಂದನ್ನೇ ನಂಬುವಂತಿಲ್ಲ. 2021-22ರಲ್ಲಿ ಕೊರತೆ ಸುಮಾರು 15.85 ಲಕ್ಷ ಕೋಟಿ ಇತ್ತು. ಹೆಚ್ಚುಕಮ್ಮಿ 2025-26ರಷ್ಟೇ ಅಲ್ವಾ? ಆದರೆ ಆಗ ಅದು ಜಿಡಿಪಿಯ ಶೇ 6.7, 2025-26ರ ಅಂದಾಜಿನಲ್ಲಿ ಶೇ 4.4. ಕೊರತೆ ಸುಮಾರು ಅಲ್ಲೇ ಇದೆ, ಜಿಡಿಪಿ ಬೆಳೆದಿದೆ. ಆ ಬೆಳವಣಿಗೆಯಲ್ಲಿ ಬೆಲೆಯೇರಿಕೆಯ ಪಾಲೂ ಇದೆ ಅನ್ನುವುದನ್ನು ಭಾಷಣದಲ್ಲಿ ಯಾರೂ ಒತ್ತಿ ಹೇಳುವುದಿಲ್ಲ.

ಕೊನೆಗೆ, ಈ ಹಣ ಕೊಡುವವರು ಯಾರು ಅಂತ ನೋಡುತ್ತೇನೆ. 2025-26ರ ಅಂದಾಜಿನಲ್ಲಿ ಮಾರುಕಟ್ಟೆಯಲ್ಲಿ ಬಾಂಡ್ (ಸಾಲಪತ್ರ) ಮಾರಿ ಎತ್ತುವುದು 14.82 ಲಕ್ಷ ಕೋಟಿ. ಅದರಲ್ಲಿ ಅವಧಿ ಮುಗಿದ ಬಾಂಡ್‌ಗಳನ್ನು ತೀರಿಸಿದ ಮೇಲೆ ಉಳಿಯುವುದು 11.54 ಲಕ್ಷ ಕೋಟಿ. ಮಿಕ್ಕ ಕೊರತೆಯ ದೊಡ್ಡ ಪಾಲನ್ನು ತುಂಬುವುದು ಸಣ್ಣ ಉಳಿತಾಯ ನಿಧಿ. ಪಿಪಿಎಫ್, ಸುಕನ್ಯಾ ಸಮೃದ್ಧಿ, ಅಂಚೆ ಕಚೇರಿ ಠೇವಣಿ ಎಲ್ಲ ಅದರಲ್ಲೇ ಬರುತ್ತವೆ. ನನ್ನದೂ ಒಂದು ಪಿಪಿಎಫ್ ಖಾತೆ ಇದೆ. ಆ 12.76 ಲಕ್ಷ ಕೋಟಿ ಬಡ್ಡಿ ನೋಡಿ ಹೊಟ್ಟೆ ಉರಿದುಕೊಳ್ಳುವವರಲ್ಲಿ ನಾನೂ ಒಬ್ಬ, ಬಡ್ಡಿ ಎಣಿಸಿಕೊಳ್ಳುವವರಲ್ಲೂ ಒಬ್ಬ.