ಹವಾಮಾನ ಹಣಕಾಸಿನಲ್ಲಿ ಕೆಲಸ ಬೇಕೇ? ಸ್ನಾತಕೋತ್ತರ ಪದವಿ ಆರಿಸುವುದು, ಬಳಸುವುದು ಹೀಗೆ

ಹವಾಮಾನ ಹಣಕಾಸು ಎಂದರೆ ಹವಾಮಾನ ಬದಲಾವಣೆಗೆ ಸಂಬಂಧಿಸಿದ ಸಾಲ, ಹೂಡಿಕೆ, ವಿಮೆಗಳ ವ್ಯವಹಾರ. ಷೇರುಪೇಟೆಯ ಅಗ್ರ 1,000 ಕಂಪನಿಗಳು ಬಿಆರ್‌ಎಸ್‌ಆರ್ ಎಂಬ ಸುಸ್ಥಿರತಾ ವರದಿ ಕೊಡಲೇಬೇಕೆಂದು ಷೇರುಪೇಟೆ ನಿಯಂತ್ರಕ ಸೆಬಿ 2022-23ರಿಂದ ಕಡ್ಡಾಯ ಮಾಡಿತು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಮೊದಲ ಬಾರಿಗೆ ಹಸಿರು ಬಾಂಡ್ (ಪರಿಸರಸ್ನೇಹಿ ಯೋಜನೆಗಳಿಗೆಂದು ಎತ್ತುವ ಸಾಲದ ಪತ್ರ) ಹೊರಡಿಸಿತು. ಅದೇ ವರ್ಷದ ಜೂನ್‌ನಲ್ಲಿ ಹಸಿರು ಠೇವಣಿಗೆ ಆರ್‌ಬಿಐ ಚೌಕಟ್ಟು ಜಾರಿಗೆ ಬಂತು, ಕಾರ್ಬನ್ ಕ್ರೆಡಿಟ್ (ತಗ್ಗಿಸಿದ ಇಂಗಾಲಕ್ಕೆ ಸಿಗುವ, ಮಾರಬಹುದಾದ ಪತ್ರ) ವಹಿವಾಟಿನ ಯೋಜನೆಯ ಅಧಿಸೂಚನೆಯೂ ಹೊರಬಿತ್ತು. ಈ ಒಂದೊಂದು ನಿಯಮದ ಹಿಂದೆಯೂ ಲೆಕ್ಕ ಹಾಕುವವರು, ಪರಿಶೀಲಿಸುವವರು, ಸಾಲದ ಅಪಾಯ ಅಳೆಯುವವರು ಬೇಕು. ಬ್ಯಾಂಕು, ವಿಮಾ ಕಂಪನಿ, ರೇಟಿಂಗ್ ಸಂಸ್ಥೆ, ಸಲಹಾ ಸಂಸ್ಥೆಗಳಲ್ಲಿ ಹುದ್ದೆ ಹುಟ್ಟುತ್ತಿರುವುದು ಇಲ್ಲೇ.

ಪದವಿ ಆರಿಸುವಾಗ ನಿಮ್ಮಲ್ಲಿ ಯಾವ ಅರ್ಧ ಇಲ್ಲವೋ ಅದನ್ನು ತುಂಬುವ ಕೋರ್ಸ್ ಹಿಡಿಯಿರಿ. ಶಿರಸಿಯ ಅರಣ್ಯ ಕಾಲೇಜಿನಲ್ಲೋ ಕಾರವಾರ ಕೋಡಿಬಾಗದ ಕಡಲ ಜೀವಶಾಸ್ತ್ರ ವಿಭಾಗದಲ್ಲೋ ಓದಿದವರಿಗೆ ಮರದ ಸುತ್ತಳತೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಮಾದರಿ ಸಂಗ್ರಹ ಎಲ್ಲ ಗೊತ್ತು. ನಿವ್ವಳ ವರ್ತಮಾನ ಮೌಲ್ಯ (ಮುಂದೆ ಬರುವ ಹಣದ ಇಂದಿನ ಬೆಲೆಯಿಂದ ಖರ್ಚು ಕಳೆದದ್ದು), ಬಡ್ಡಿದರ, ಬ್ಯಾಲೆನ್ಸ್ ಶೀಟ್ ಗೊತ್ತಿರುವುದಿಲ್ಲ. ಅವರು ಅರ್ಥಶಾಸ್ತ್ರ ಅಥವಾ ಹಣಕಾಸಿನ ಕಡೆ ಹೋಗಬೇಕು. ಕುಮಟಾದಲ್ಲೋ ಹೊನ್ನಾವರದಲ್ಲೋ ಬಿ.ಕಾಂ. ಮುಗಿಸಿದವರ ದಾರಿ ಇದಕ್ಕೆ ತಿರುಗಾಮುರುಗಾ. ಭೋಪಾಲದ ಭಾರತೀಯ ಅರಣ್ಯ ನಿರ್ವಹಣಾ ಸಂಸ್ಥೆ (ಐಐಎಫ್‌ಎಂ), ದೆಹಲಿಯ ಟೆರಿ ಸ್ಕೂಲ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್, ಮದ್ರಾಸ್ ಸ್ಕೂಲ್ ಆಫ್ ಎಕನಾಮಿಕ್ಸ್ ನೋಡಬಹುದಾದ ಜಾಗಗಳು. ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ಹವಾಮಾನ ಹಣಕಾಸಿಗೇ ಮೀಸಲಾದ ಎಂ.ಎಸ್ಸಿ. ಇದೆ. ಕೋರ್ಸಿನ ಹೆಸರಿಗೆ ಮರುಳಾಗದೆ ಪಠ್ಯಕ್ರಮ ತೆರೆದು ನೋಡಿ. ಕಾರ್ಪೊರೇಟ್ ಫೈನಾನ್ಸ್, ಇಕಾನಮೆಟ್ರಿಕ್ಸ್ (ಅಂಕಿಅಂಶಗಳಿಂದ ಆರ್ಥಿಕ ಸಂಬಂಧ ಅಳೆಯುವ ವಿದ್ಯೆ), ಹಸಿರುಮನೆ ಅನಿಲಗಳ ಲೆಕ್ಕಪತ್ರ ಈ ಮೂರೂ ಇಲ್ಲದಿದ್ದರೆ ಆ ಪದವಿಯಿಂದ ಸೆಮಿನಾರಿನಲ್ಲಿ ಮಾತನಾಡಲು ಬರುತ್ತದೆ, ಬ್ಯಾಂಕಿನಲ್ಲಿ ಕೆಲಸ ಮಾಡಲು ಬರುವುದಿಲ್ಲ.

ಎರಡು ವರ್ಷದಲ್ಲಿ ಅತಿ ಹೆಚ್ಚು ಬೆಲೆ ಬಾಳುವುದು ಪ್ರಬಂಧ. "ಭಾರತದಲ್ಲಿ ಹಸಿರು ಬಾಂಡ್‌ಗಳ ಭವಿಷ್ಯ" ಎಂಬಂಥ ವಿಷಯವನ್ನು ನೂರಾರು ಮಂದಿ ಬರೆದಾಗಿದೆ. ಉತ್ತರ ಕನ್ನಡದವರ ಮನೆಯಂಗಳದಲ್ಲೇ ಇದಕ್ಕಿಂತ ಗಟ್ಟಿ ವಿಷಯವಿದೆ: ಅಡಿಕೆಯ ಹವಾಮಾನ ಆಧಾರಿತ ಬೆಳೆ ವಿಮೆ. ಇತ್ತೀಚಿನ ವರ್ಷಗಳಲ್ಲಿ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ಅದರ 5%, ಅಂದರೆ 6,400 ರೂಪಾಯಿ ಬೆಳೆಗಾರರ ಕಂತು. ಪರಿಹಾರ ನಿರ್ಧಾರವಾಗುವುದು ಪಂಚಾಯ್ತಿಯ ಮಳೆಮಾಪಕದ ಮೇಲೆ, ತೋಟದಲ್ಲಿ ಕೊಳೆರೋಗ ಬಂದು ಉದುರಿದ ಕಾಯಿಯ ಮೇಲಲ್ಲ. ಈ ಎರಡರ ನಡುವಿನ ಅಂತರಕ್ಕೆ ವಿಮಾ ಜಗತ್ತು ಬೇಸಿಸ್ ರಿಸ್ಕ್ ಎನ್ನುತ್ತದೆ, ಅದನ್ನು ಅಳೆಯಬಲ್ಲವರು ಕಡಿಮೆ.

ಕೆಲಸ ಹೀಗೆ ಮಾಡಿ. ಯಾವ ಅವಧಿಯಲ್ಲಿ ಎಷ್ಟು ಮಿ.ಮೀ. ಮಳೆಗೆ ಎಷ್ಟು ಪರಿಹಾರ ಎಂಬ ಷರತ್ತುಪಟ್ಟಿ ತನ್ನಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಿಂದ ಒಂದೆರಡು ಪಂಚಾಯ್ತಿಗಳ ದಿನವಹಿ ಮಳೆ ಪಡೆಯಿರಿ. ಎಕ್ಸೆಲ್‌ನಲ್ಲಿ ವರ್ಷವರ್ಷದ ಪರಿಹಾರವನ್ನು ನೀವೇ ಲೆಕ್ಕ ಹಾಕಿ, ಮೂವತ್ತು ನಲವತ್ತು ಬೆಳೆಗಾರರ ನಷ್ಟದ ಪಕ್ಕ ಇಡಿ. ಎಡವುವುದು ಎರಡು ಕಡೆ. ಮಾಪಕ ಕೆಟ್ಟ ದಿನದ ಖಾಲಿ ಕೋಶವನ್ನು ಎಕ್ಸೆಲ್ ಸೂತ್ರ ಸೊನ್ನೆ ಎಂದು ಓದಿಬಿಡಬಹುದು. ಜುಲೈ ನಡುವೆ ಶಿರಸಿ ಸೀಮೆಯಲ್ಲಿ ವಾರವಿಡೀ ಸೊನ್ನೆ ಕಂಡರೆ ಪಕ್ಕದ ಮಾಪಕದ ಜೊತೆ ತಾಳೆ ನೋಡಿ, ಕೆಟ್ಟದ್ದೆಂದು ಖಚಿತವಾದರೆ ಆ ದಿನಗಳನ್ನು ಬೇರೆ ಗುರುತು ಹಾಕಿ. ಇನ್ನೊಂದು, ನಷ್ಟವನ್ನು ನೆನಪಿನಿಂದ ಕೇಳಬೇಡಿ. ಸೊಸೈಟಿಯ ವಿಕ್ರಿ ಪಟ್ಟಿ ಕೇಳಿ. ಆದರೆ ಚಾಲಿಯನ್ನು (ಒಣಗಿಸಿ ಸುಲಿದ ಅಡಿಕೆ) ದರ ನೋಡಿ ಹಿಡಿದಿಟ್ಟು ಮಾರುವುದರಿಂದ ಮಾರಿದ ವರ್ಷವೇ ಬೆಳೆದ ವರ್ಷ ಆಗಿರಬೇಕೆಂದಿಲ್ಲ. ಅದನ್ನು ಬೆಳೆಗಾರರ ಹತ್ತಿರ ಕೂತು ಬಿಡಿಸಿಕೊಳ್ಳಲೇಬೇಕು.

ಕಾರ್ಬನ್ ಕ್ರೆಡಿಟ್ ವಿಷಯದಲ್ಲಿ ಉತ್ಸಾಹ ಹೆಚ್ಚು, ಲೆಕ್ಕ ಕಡಿಮೆ. ಅಘನಾಶಿನಿ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ರಾಮ್ಸರ್ ಮಾನ್ಯತೆ ಬಂದಿದೆ, ಹಾಗೆಂದು ಅಲ್ಲಿ ನಿಂತಿರುವ ಕಾಂಡ್ಲಾ ವನವೆಲ್ಲ ಕ್ರೆಡಿಟ್ ಆಗುವುದಿಲ್ಲ. ಯೋಜನೆ ಇಲ್ಲದಿದ್ದರೆ ಆಗುತ್ತಲೇ ಇರಲಿಲ್ಲ ಎಂದು ತೋರಿಸಬಹುದಾದ ಹೆಚ್ಚುವರಿ ಇಂಗಾಲಕ್ಕೆ ಮಾತ್ರ ಬೆಲೆ, ಜಾಗದ ಹಕ್ಕು ಯಾರದ್ದೆಂಬುದೂ ಸ್ಪಷ್ಟವಿರಬೇಕು. ಸಣ್ಣ ಲೆಕ್ಕವೊಂದು: ಅಡಿಕೆ ಸಂಸ್ಕರಣಾ ಘಟಕದ ಚಾವಣಿಯ 10 ಕಿಲೋವ್ಯಾಟ್ ಸೌರಫಲಕ ವರ್ಷಕ್ಕೆ ಸುಮಾರು 14,000 ಯೂನಿಟ್ ಕೊಡುತ್ತದೆ. ಗ್ರಿಡ್ ವಿದ್ಯುತ್ತಿನ ಪ್ರತಿ 1,000 ಯೂನಿಟ್‌ಗೆ ಸುಮಾರು 0.7 ಟನ್ ಇಂಗಾಲದ ಡೈಆಕ್ಸೈಡ್ ಎಂದರೆ ಉಳಿಯುವುದು ಹತ್ತಿರ ಹತ್ತಿರ 10 ಟನ್. ಟನ್ನಿಗೆ 500 ರೂಪಾಯಿ ಹಿಡಿದರೂ 5,000 ರೂಪಾಯಿ. ಯೂನಿಟ್‌ಗೆ 7 ರೂಪಾಯಿಯಂತೆ ಕರೆಂಟ್ ಬಿಲ್ಲಿನಲ್ಲಿ ಉಳಿಯುವುದು 98,000. ಸೌರಫಲಕದ ಸಾಲ ತೀರಿಸುವುದು ಬಿಲ್ಲಿನ ಉಳಿತಾಯವೇ ಹೊರತು ಕ್ರೆಡಿಟ್ ಅಲ್ಲ ಎಂದು ಸಾಲದ ಅರ್ಜಿಯಲ್ಲಿ ನೇರವಾಗಿ ಬರೆಯಬಲ್ಲವರನ್ನು ಬ್ಯಾಂಕು ನಂಬುತ್ತದೆ.

ಹಣದ ವಿಚಾರ. ಬ್ರಿಟನ್ನಿನ ಒಂದು ವರ್ಷದ ಪದವಿಗೆ ಅಲ್ಲಿನ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ಇದೆ, ಆದರೆ ಎರಡು ವರ್ಷದ ಕೆಲಸದ ಅನುಭವ ಕೇಳುತ್ತಾರೆ. ದೊಡ್ಡ ಸಾಲ ಮಾಡಿ ನೇರ ಹೋಗುವುದಕ್ಕಿಂತ ಇಲ್ಲೇ ಓದಿ, ಎರಡು ವರ್ಷ ದುಡಿದು ಅರ್ಜಿ ಹಾಕುವುದು ಒಳ್ಳೆಯದು. ಅಪಾಯ ನಿರ್ವಹಣೆಯ ವೃತ್ತಿಪರರ ಸಂಸ್ಥೆ ಜಿಎಆರ್‌ಪಿ ಕೊಡುವ ಎಸ್‌ಸಿಆರ್ (ಸುಸ್ಥಿರತೆ ಮತ್ತು ಹವಾಮಾನ ಅಪಾಯ) ಪ್ರಮಾಣಪತ್ರವನ್ನು ಕೊನೆಯ ಸೆಮಿಸ್ಟರ್‌ನಲ್ಲಿ ಮಾಡಿ. ಪದವಿಯ ಬದಲಿಗೆ ಅದು ನಿಲ್ಲುವುದಿಲ್ಲ.

ಸಂದರ್ಶನದಲ್ಲಿ ಕೇಳಬಹುದಾದ ಪ್ರಶ್ನೆ: ಕಂಪನಿಯೊಂದು 20,000 ಟನ್ ಇಂಗಾಲ ಉಗುಳುತ್ತದೆ, ಷೇರು, ಸಾಲ ಸೇರಿ ಅದರ ಒಟ್ಟು ಮೌಲ್ಯ 100 ಕೋಟಿ, ಬ್ಯಾಂಕಿನ ಬಾಕಿ ಸಾಲ 10 ಕೋಟಿ. ಆ ಇಂಗಾಲದಲ್ಲಿ ಬ್ಯಾಂಕಿನ ಪಾಲೆಷ್ಟು? ಮೌಲ್ಯದಲ್ಲಿ ಸಾಲದ ಪಾಲು ಎಷ್ಟೋ ಇಂಗಾಲದ ಪಾಲೂ ಅಷ್ಟೇ: ಹತ್ತರಲ್ಲೊಂದು, 2,000 ಟನ್. ಮುಂದಿನ ಪ್ರಶ್ನೆಯೇ ಕಷ್ಟ: ಷೇರು ಬೆಲೆ ಏರಿ ಮೌಲ್ಯ 200 ಕೋಟಿಯಾದರೆ? ಹೊಗೆ ಅಷ್ಟೇ ಇದ್ದರೂ ಬ್ಯಾಂಕಿನ ಪಾಲು 1,000 ಟನ್ನಿಗೆ ಇಳಿಯುತ್ತದೆ. ಹೀಗಾಗಿ ಇಳಿಕೆಯಲ್ಲಿ ಬೆಲೆಯಿಂದ ಬಂದದ್ದೆಷ್ಟು, ನಿಜವಾಗಿ ಹೊಗೆ ತಗ್ಗಿದ್ದೆಷ್ಟು ಎಂದು ಬೇರ್ಪಡಿಸಿ ತೋರಿಸಿ. ಅರ್ಜಿಯ ಜೊತೆ ಪ್ರಬಂಧದ ಎರಡು ಪುಟದ ಸಾರಾಂಶವನ್ನೂ, ಸೂತ್ರಗಳನ್ನು ಅಳಿಸದೆ ಉಳಿಸಿದ ಎಕ್ಸೆಲ್ ಕಡತವನ್ನೂ ಕಳಿಸಿ.